ಬೋಗಿ ಮೇಷ್ಟ್ರು

ಕಳೆದ ವರ್ಷ ಶ್ರಾವಣದ ಒಂದು ಬೆಳಿಗ್ಗೆ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಮೂರೇ ಪದ ಬಂತು: ‘ಬೋಗಿ ಮೇಷ್ಟ್ರು ಹೋಗಿಬಿಟ್ಟರಂತೆ.’ ಅವರ ನಿಜವಾದ ಹೆಸರಿಗೆ ನಮ್ಮಲ್ಲಿ ಎಷ್ಟೋ ಜನ ತಡಕಾಡಿದರು. ಹೆಬ್ಬಾಳದ ಚಿತಾಗಾರದಲ್ಲಿ ಹದಿನಾಲ್ಕು ಜನ ಸೇರಿದ್ದೆವು. ಎಲ್ಲರಿಗೂ ಹೊಟ್ಟೆ ಬಂದಿದೆ. ಇಬ್ಬರಿಗೆ ಸ್ಟೆಂಟ್ ಹಾಕಿದ್ದಾರೆ. ಅಲ್ಲಿಯೂ ಒಬ್ಬ, ‘ಲೋ, ನಿನಗೆ ಗಣಿತದಲ್ಲಿ ಎಷ್ಟು ಬಂದಿತ್ತೋ?’ ಅಂತ ನನ್ನನ್ನೇ ಕೇಳಿದ. ಅದಕ್ಕೆ ಆಮೇಲೆ ಬರುತ್ತೇನೆ.

ಮೇಷ್ಟ್ರು ನಮಗೆ ಎಂಟರಿಂದ ಹತ್ತನೇ ಕ್ಲಾಸಿನವರೆಗೆ ಗಣಿತ ಹೇಳಿದರು. ಏನು ಹೇಳಿದರು ಅಂತ ಕೇಳಬೇಡಿ. ಪೈಥಾಗೊರಸ್ ಅನ್ನುವ ಹೆಸರು ಬಿಟ್ಟರೆ ಏನೂ ಉಳಿದಿಲ್ಲ. ಉಳಿದಿರುವುದು ಸೀಮೆಸುಣ್ಣದಿಂದ ಬೆಳ್ಳಗಾದ ಜುಬ್ಬದ ಜೇಬು, ಹನ್ನೆರಡು ತಿಂಗಳೂ ತೋಳಿಗೆ ನೇತುಬಿದ್ದಿರುತ್ತಿದ್ದ ಕೊಡೆ, ಮತ್ತೆ ‘ಬೋಗಿ’.

ಸುತ್ತಿ ಬಳಸಿ ಲೆಕ್ಕ ಮಾಡಿದ ಹುಡುಗನ ಪೇಪರಿನ ಪಕ್ಕದಲ್ಲಿ ಅವರು ‘ಬೋಗಿ’ ಅಂತ ಬರೆಯುತ್ತಿದ್ದರು. ಇಂಜಿನ್ನಿನ ಹಿಂದೆ ಎಳೆಸಿಕೊಂಡು ಹೋಗುವ ರೈಲು ಬೋಗಿ, ನಮ್ಮನ್ನು ಹಾಗೆ ಬೈಯುತ್ತಿದ್ದಾರೆ ಅಂತಲೇ ಎರಡು ವರ್ಷ ತಿಳಿದುಕೊಂಡಿದ್ದೆವು. ಆಮೇಲೆ ಗೊತ್ತಾಯಿತು, ಅದು ಗಾಲ್ಫ್ ಮಾತು. ನಾಲ್ಕು ಹೊಡೆತದಲ್ಲಿ ಗುಂಡಿಗೆ ಹಾಕಬೇಕಾದ ಚೆಂಡನ್ನು ಐದರಲ್ಲಿ ಹಾಕಿದರೆ ಬೋಗಿ. ‘ತಪ್ಪೇನಲ್ಲ ಕಣ್ರೋ, ಒಂದು ಜಾಸ್ತಿ ಆಯ್ತು ಅಷ್ಟೆ’ ಅನ್ನುತ್ತಿದ್ದರು.

ಜುಬ್ಬ ಹಾಕುವ ಮೇಷ್ಟ್ರಿಗೂ ಗಾಲ್ಫಿಗೂ ಏನು ನಂಟು? ಬೆಂಗಳೂರಿನಲ್ಲಿ ಈ ಆಟ ಹಳೆಯದೇ. ಸ್ಯಾಂಕಿ ರಸ್ತೆಯ ಗಾಲ್ಫ್ ಕ್ಲಬ್ಬು ಶುರುವಾಗಿದ್ದು 1876ರಲ್ಲಿ. ಮೇಷ್ಟ್ರು ಚಿಕ್ಕಂದಿನಲ್ಲಿ ಊರಿನ ಯಾವುದೋ ಗಾಲ್ಫ್ ಮೈದಾನದಲ್ಲಿ ಕ್ಯಾಡಿ ಆಗಿದ್ದರಂತೆ. ಯಾವುದು ಅಂತ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಸಾಹೇಬರ ಚೀಲ ಹೊತ್ತು ಹದಿನೆಂಟು ಗುಂಡಿ ಸುತ್ತುವುದು. ಸಾಹೇಬರು ಚೆನ್ನಾಗಿ ಆಡಿದ ದಿನ ಕೈಗೆ ನಾಲ್ಕು ಕಾಸು ಜಾಸ್ತಿ. ಕೆಟ್ಟದಾಗಿ ಆಡಿದ ದಿನ ಬೈಗುಳ. ಚೆಂಡು ಪೊದೆಗೆ ಹೋದರೆ ಈ ಹುಡುಗನ ಹೊಟ್ಟೆಯಲ್ಲಿ ಸಂಕಟ, ತಾನೇ ಹೊಡೆದ ಹಾಗೆ. ಒಂದು ದಿನ ವಯಸ್ಸಾದ ಕ್ಯಾಡಿಯೊಬ್ಬ ಕರೆದು ಹೇಳಿದನಂತೆ: ‘ನೀನು ಹೊತ್ತಿರೋದು ಚೀಲ ಕಣಪ್ಪ, ಅವರ ಆಟ ಅಲ್ಲ. ಸಾಯಂಕಾಲ ಇಳಿಸಿ ಮನೆಗೆ ಹೋಗು.’

ಇದನ್ನು ಅವರು ಕ್ಲಾಸಿನಲ್ಲಿ ಪಾಠದ ಹಾಗೆ ಹೇಳಲಿಲ್ಲ. ಬೇರೆ ಮೇಷ್ಟ್ರುಗಳು ಪೇಪರ್ ಕೊಡುವಾಗ ಕಡಿಮೆ ಬಂದವನಿಂದ ಶುರು ಮಾಡಿ ಕೂಗುತ್ತಿದ್ದರು. ಇವರು ಪೇಪರನ್ನು ಎರಡಾಗಿ ಮಡಚಿ, ಅಂಕ ಒಳಗೆ ಮಾಡಿ, ಬೆಂಚಿನ ಮೇಲೆ ಇಟ್ಟು ಹೋಗುತ್ತಿದ್ದರು. ಬಿಡಿಸಿ ನೋಡುವುದು, ಬಿಡುವುದು ನಿಮಗೆ ಸೇರಿದ್ದು.

ಈಗ ನಮ್ಮ ಕಳ್ಳತನ. ಒಂಬತ್ತನೇ ಕ್ಲಾಸು. ನಾವು ಮೂವರು ಮಧ್ಯಾಹ್ನದ ಡ್ರಿಲ್ ಪೀರಿಯಡ್ ತಪ್ಪಿಸಿ ಗಾಲ್ಫ್ ಮೈದಾನದ ಕಾಂಪೌಂಡ್ ಹಾರುತ್ತಿದ್ದೆವು. ಪೊದೆಯಲ್ಲಿ ಚೆಂಡು ಹೆಕ್ಕುವುದು, ಸಾಬೂನಿನಲ್ಲಿ ತೊಳೆಯುವುದು, ಆಚೆ ಮಾರುವುದು. ಎರಡು ಚೆಂಡು ಮಾರಿದರೆ ಮೂವರಿಗೂ ದೋಸೆ, ಮೇಲೆ ಒಂದು ಬೈಟು ಕಾಫಿ. ಒಂದು ದಿನ ಆಸೆ ಜಾಸ್ತಿಯಾಗಿ ಏಳೂ ಚೆಂಡನ್ನು ನನ್ನೊಬ್ಬನ ಚಡ್ಡಿ ಜೇಬಿಗೆ ತುಂಬಿಕೊಂಡೆ. ಚೆಂಡು ಒಂದಕ್ಕೆ ಸುಮಾರು 46 ಗ್ರಾಂ. ಏಳಾದರೆ ಮುನ್ನೂರು ಗ್ರಾಂ ದಾಟುತ್ತದೆ. ಸ್ಕೂಲಿನ ಗೇಟಿನಲ್ಲಿ ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಮೇಷ್ಟ್ರಿಗೆ ನಮಸ್ಕಾರ ಮಾಡಿದೆ. ಅವರು ಚಡ್ಡಿಯನ್ನೇ ನೋಡಿದರು. ‘ಜೇಬಲ್ಲಿ ಏನೋ? ನಿಂಬೆಹಣ್ಣಾ?’ ಹೌದು ಸಾರ್ ಅಂದುಬಿಟ್ಟೆ! ಹೊಡೆಯಲಿಲ್ಲ. ಏಳನ್ನೂ ಹಾರ್ಲಿಕ್ಸ್ ಬಾಟಲಿಗೆ ಹಾಕಿ ಸ್ಟಾಫ್ ರೂಮಿನ ಕಿಟಕಿಯಲ್ಲಿ ಇಟ್ಟರು. ವರ್ಷವಿಡೀ ಎಲ್ಲರೂ ಅದನ್ನು ನೋಡಿಕೊಂಡೇ ಓಡಾಡಿದರು.

1982. ಎಸ್ಸೆಸ್ಸೆಲ್ಸಿ. ಪಾಸಾಗಲು 35 ಬೇಕಿತ್ತು, ಗಣಿತದಲ್ಲಿ ನನಗೆ 31. ಅಪ್ಪ ಮಾತು ಬಿಟ್ಟರು. ಅಮ್ಮ ತಟ್ಟೆಗೆ ಅನ್ನ ಹಾಕಿ ಮುಖ ತಿರುಗಿಸುತ್ತಿದ್ದಳು. ಸಾಮಾನು ತರಲು ಎರಡು ಬೀದಿ ಆಚೆಯ ಅಂಗಡಿಗೆ ಹೋಗುತ್ತಿದ್ದೆ, ಹತ್ತಿರದ ಶೆಟ್ಟರು ರಿಸಲ್ಟ್ ಕೇಳುತ್ತಾರೆ ಅಂತ. ನಾಲ್ಕನೇ ದಿನ ಮೇಷ್ಟ್ರು ಮನೆಗೇ ಬಂದರು. ‘ಸ್ವಲ್ಪ ಕೆಲಸ ಇದೆ, ಹುಡುಗನ್ನ ಕಳಿಸಮ್ಮ’ ಅಂದರು.

ರಜೆ, ಸ್ಕೂಲಿನ ಮೈದಾನ ಖಾಲಿ. ಅವರ ಚೀಲದಲ್ಲಿ ಒಂದು ತೆಂಗಿನ ಚಿಪ್ಪು. ಗಾಲ್ಫಿನ ಗುಂಡಿ ಅಡ್ಡಡ್ಡ ನಾಲ್ಕೂಕಾಲು ಇಂಚು, ಹೆಚ್ಚುಕಮ್ಮಿ ಒಂದು ಚಿಪ್ಪಿನಷ್ಟೇ. ಅದನ್ನು ಮಣ್ಣಿನಲ್ಲಿ ಹೂತರು. ಬಾಟಲಿಯಿಂದ ಒಂದು ಚೆಂಡು ತೆಗೆದು, ಕೊಡೆಯನ್ನು ತಲೆಕೆಳಗು ಮಾಡಿ ಕೈಗೆ ಕೊಟ್ಟರು. ‘ಹೊಡಿ.’ ಮೊದಲನೆಯದು ಬೇವಿನ ಮರದ ಬುಡಕ್ಕೆ ಹೋಯಿತು. ಎರಡನೆಯದು ಅಲ್ಲಾಡಲೇ ಇಲ್ಲ. ಚಿಪ್ಪಿಗೆ ಬೀಳುವಷ್ಟರಲ್ಲಿ ಹನ್ನೊಂದು ಹೊಡೆತ. ಅವರು ಚೀಟಿಯ ಮೇಲೆ 11 ಅಂತ ಬರೆದು ತೋರಿಸಿದರು.

‘ಇದು ಯಾರದು?’

‘ನಂದು ಸಾರ್.’

‘ಅಲ್ಲ ಕಣೋ, ಈ ಗುಂಡೀದು. ಇಲ್ಲೇ ಬಿಟ್ಟು ಮುಂದಿನ ಗುಂಡಿಗೆ ಹೋಗಬೇಕು.’

ನಾನು ಆಗಲೂ ವಾದ ಬಿಡುವವನಲ್ಲ. ಕೊನೆಗೆ ಎಲ್ಲಾ ಗುಂಡಿಯದೂ ಕೂಡಿಸುತ್ತಾರಲ್ಲ ಸಾರ್, ಈ ಹನ್ನೊಂದೂ ಬಂದೇ ಬರುತ್ತಲ್ಲ ಅಂದೆ. ಮೇಷ್ಟ್ರು ನಕ್ಕುಬಿಟ್ಟರು. ‘ಕೂಡಿಸ್ಲಿ ಬಿಡು, ಅದು ಚೀಟಿ ಲೆಕ್ಕ. ಚೀಟಿ ಅವರಿಗೆ ಕೊಡ್ತೀಯ. ಮನೆಗೆ ಹೋಗೋನು ನೀನು. ಮೂವತ್ತೊಂದು ಬಂದಿರೋದು ಪೇಪರಿಗೆ. ಶೆಟ್ಟರ ಅಂಗಡಿಗೆ ಹೋಗೋಕೆ ನಿನಗೇನೋ ಬಂದಿರೋದು?’ ಅಂಗಡಿಯ ವಿಷಯ ಅವರಿಗೆ ಹೇಗೆ ಗೊತ್ತಾಯಿತೋ ಇವತ್ತಿಗೂ ತಿಳಿಯದು. ಆಮೇಲೆ, ಹೇಗೆ ಹೊಡೆಯಬೇಕು ನೋಡು ಅಂತ ತಾವೇ ಬೀಸಿದರು. ಚೆಂಡು ಕಾಂಪೌಂಡ್ ದಾಟಿ ರಸ್ತೆಗೆ ಹೋಯಿತು. ಕೊಡೆಯ ಹಿಡಿ ಮುರಿಯಿತು. ಮುಂದಿನ ವರ್ಷವೆಲ್ಲ ಆ ಹಿಡಿಗೆ ತಂತಿ ಸುತ್ತಿತ್ತು.

ಸಪ್ಲಿಮೆಂಟರಿಯಲ್ಲಿ ಪಾಸಾದೆ. ನಾನೇ ಹೇಳಿಕೊಳ್ಳಬಾರದು, ಆದರೂ ಗಣಿತದಲ್ಲಿ ಫೇಲಾದವನು ಬ್ಯಾಂಕ್ ಮ್ಯಾನೇಜರಾಗಿ ರಿಟೈರ್ ಆದೆ. ನಮ್ಮ ಶಾಖೆಗೆ ಎರಡು ಸಲ ಬಹುಮಾನವೂ ಬಂತು. (ಸಂಪಾದಕರು ಬೇಕಿದ್ದರೆ ಈ ಸಾಲು ತೆಗೆಯಬಹುದು.)

2021ರ ಆಗಸ್ಟ್ 7ರ ಬೆಳಿಗ್ಗೆ ಮೇಷ್ಟ್ರ ಫೋನು. ‘ಟೀವಿ ಹಾಕೋ, ನಮ್ಮೂರ ಹುಡುಗಿ ಆಡ್ತಿದಾಳೆ!’ ಟೋಕಿಯೊ ಒಲಿಂಪಿಕ್ಸ್, ಅದಿತಿ ಅಶೋಕ್. ಅವತ್ತಿನವರೆಗೆ ಗಾಲ್ಫ್ ನೋಡದ ದೇಶವೆಲ್ಲ ಉಸಿರು ಹಿಡಿದು ಕೂತಿತ್ತು. ಕೊನೆಗೆ ನಾಲ್ಕನೇ ಸ್ಥಾನ. ಕಂಚು ಗೆದ್ದ ಲಿಡಿಯಾ ಕೋ 268 ಹೊಡೆತ, ಅದಿತಿ 269. ‘ಮೆಡಲ್ ತಪ್ಪಿಹೋಯ್ತಲ್ಲ ಸಾರ್’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘269ರಲ್ಲಿ ಒಂದು, ಪರ್ಸೆಂಟ್ ಎಷ್ಟಾಯ್ತು ಹೇಳು.’ ಬಾಯಲ್ಲಿ ಲೆಕ್ಕ ಬರಲಿಲ್ಲ. ‘ಸೊನ್ನೆ ಪಾಯಿಂಟ್ ಮೂರು ಏಳು. ನಾಲ್ಕು ದಿನ ಅವಳು ಆಡಿದ್ದು ನೋಡ್ದೆ ತಾನೇ? ಮತ್ತೇನು ತಪ್ಪಿಹೋಯ್ತು ನಿನಗೆ?’ ಫೋನ್ ಇಟ್ಟರು. ಸಾಯಂಕಾಲ ನೀರಜ್ ಚೋಪ್ರಾಗೆ ಚಿನ್ನ ಬಂತು, ಊರೆಲ್ಲ ಪಟಾಕಿ. ನಾಲ್ಕನೆಯವಳನ್ನು ಕೇಳುವವರು ಯಾರು?

ಈಗ ರಿಸಲ್ಟ್ ಬಂದ ಮಾರನೇ ದಿನ ಸರ್ಕಲ್ಲಿಗೊಂದು ಫ್ಲೆಕ್ಸು. 625ಕ್ಕೆ 624, 623, ಪಾಸ್‌ಪೋರ್ಟ್ ಫೋಟೋಗಳ ಸಾಲು. ಉಳಿದ ಮಕ್ಕಳು ಅದರ ಕೆಳಗೆ ಬಸ್ಸಿಗೆ ಕಾಯಬೇಕು. ನನ್ನ ಮೊಮ್ಮಗಳು ಇನ್ನೂ ನಾಲ್ಕನೇ ಕ್ಲಾಸು. ಮೊನ್ನೆ ಯೂನಿಟ್ ಟೆಸ್ಟಿನ ಅಂಕಗಳನ್ನೆಲ್ಲ ತಾಯಂದಿರ ಗ್ರೂಪಿಗೆ ಹಾಕಿದ್ದಾರೆ. ಇವಳಿಗೆ 25ಕ್ಕೆ 19. ಊಟ ಬಿಟ್ಟು ಮಲಗಿದ್ದಳು. ಪೇಪರ್ ಮಡಚಿ ಕೊಡುವಷ್ಟು ಪುರುಸೊತ್ತು ಈಗ ಯಾರಿಗಿದೆ?

ಚಿತಾಗಾರದಿಂದ ಹೊರಡುವಾಗ ಮೇಷ್ಟ್ರ ಮಗ ನನ್ನ ಕೈಗೆ ಆ ಹಾರ್ಲಿಕ್ಸ್ ಬಾಟಲಿ ಕೊಟ್ಟಿದ್ದರು. ‘ನಿಂಬೆಹಣ್ಣಿನವನು ಬಂದರೆ ಕೊಡು ಅಂದಿದ್ರು’ ಅಂದರು. ಒಳಗೆ ಆರು ಚೆಂಡು, ಹಳದಿ ತಿರುಗಿವೆ.

ಮೊಮ್ಮಗಳನ್ನು ಎಬ್ಬಿಸಿ ಕೆಳಗೆ ಕರೆದುಕೊಂಡು ಹೋದೆ. ಅಪಾರ್ಟ್‌ಮೆಂಟಿನ ಹುಲ್ಲಿನಲ್ಲಿ ತೆಂಗಿನ ಚಿಪ್ಪು ಹೂತೆ. ಸೆಕ್ರೆಟರಿ ಬಾಲ್ಕನಿಯಿಂದ ನೋಡುತ್ತಲೇ ಇದ್ದರು. ಅವಳದು ಒಂಬತ್ತು ಹೊಡೆತ. ನನ್ನದು, ಈ ವಯಸ್ಸಿನಲ್ಲೂ, ಹನ್ನೊಂದು. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಬೇಜಾರಾಯಿತು. ಇನ್ನೊಂದು ಸಲ ಆಡೋಣ ಅಂದೆ. ‘ಹಸಿವಾಗ್ತಿದೆ ತಾತಾ’ ಅಂತ ಕೊಡೆ ನನ್ನ ಕೈಗೆ ಕೊಟ್ಟು ಅವಳು ಲಿಫ್ಟಿನ ಕಡೆ ಓಡಿದಳು.