ದುಬೈ ಫ್ಲ್ಯಾಟ್: ಶೇ. 7 ಬಾಡಿಗೆಯಲ್ಲಿ ಕೈಗೆ ಬರುವುದೆಷ್ಟು?

ಬೆಂಗಳೂರಿನ ಹೋಟೆಲ್‌ಗಳಲ್ಲಿ ವಾರಾಂತ್ಯಕ್ಕೆ ನಡೆಯುವ ದುಬೈ ಪ್ರಾಪರ್ಟಿ ಶೋಗಳಲ್ಲಿ ಕೈಗಿಡುವ ಕಾಗದದ ಮೇಲೆ ಎರಡು ಸಂಗತಿ ದಪ್ಪಕ್ಷರದಲ್ಲಿರುತ್ತವೆ: ವರ್ಷದ ಬಾಡಿಗೆ ಬೆಲೆಯ ಶೇ. 7ರಿಂದ 8, ತೆರಿಗೆ ಸೊನ್ನೆ. ದುಬೈನಲ್ಲಿ ಕೂತು ನೋಡಿದರೆ ಎರಡೂ ಸರಿಯೇ. ಭಾರತದಲ್ಲಿ ವಾಸವಿದ್ದು, ಇಲ್ಲಿಂದಲೇ ದುಡ್ಡು ಕಳಿಸುವವರಿಗೆ ಲೆಕ್ಕ ಬೇರೆ. ಹೊರದೇಶದ ಮಾರುಕಟ್ಟೆ ಆರಿಸುವಾಗ ಊರು, ಬಿಲ್ಡರ್, ಸಮುದ್ರದ ನೋಟ ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಇಷ್ಟು: ಹಣ ಇಲ್ಲಿಂದ ಯಾವ ದಾರಿಯಲ್ಲಿ ಹೋಗುತ್ತದೆ, ಅಲ್ಲಿಂದ ಯಾವ ದಾರಿಯಲ್ಲಿ ವಾಪಸ್ ಬರುತ್ತದೆ, ದಾರಿಯುದ್ದಕ್ಕೂ ಎಷ್ಟು ಸೋರುತ್ತದೆ?

ಬಾಗಿಲು ಅರ್ಧ ಮುಚ್ಚಿರುವ ದೇಶಗಳನ್ನು ಮೊದಲೇ ಪಟ್ಟಿಯಿಂದ ತೆಗೆದರೆ ತಲೆ ಹಗುರವಾಗುತ್ತದೆ. ಸಿಂಗಪುರದಲ್ಲಿ 2023ರ ಏಪ್ರಿಲ್‌ನಿಂದ ವಿದೇಶಿಯರು ಮನೆ ಕೊಂಡರೆ ಬೆಲೆಯ ಶೇ. 60ರಷ್ಟು ಹೆಚ್ಚುವರಿ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. ಕೆನಡಾ 2023ರಿಂದ ವಿದೇಶಿಯರ ಮನೆ ಖರೀದಿಗೆ ನಿಷೇಧ ಹಾಕಿ, ಅದನ್ನು 2027ರ ಜನವರಿ 1ರವರೆಗೆ ಮುಂದುವರಿಸಿತು. ಆಸ್ಟ್ರೇಲಿಯಾ 2025ರ ಏಪ್ರಿಲ್‌ನಿಂದ ಎರಡು ವರ್ಷ, ಈಗಾಗಲೇ ಕಟ್ಟಿರುವ ಮನೆಗಳನ್ನು ವಿದೇಶಿಯರಿಗೆ ಮಾರದಂತೆ ತಡೆದಿದೆ. ಇಂಗ್ಲೆಂಡಿನಲ್ಲಿ ಮಾಮೂಲಿ ಸ್ಟ್ಯಾಂಪ್ ಡ್ಯೂಟಿಯ ಮೇಲೆ ಎರಡನೇ ಮನೆಗೆಂದು ಶೇ. 5, ಅಲ್ಲಿ ವಾಸವಿಲ್ಲದವರಿಗೆಂದು ಇನ್ನೂ ಶೇ. 2 ಬೀಳುತ್ತದೆ; ಜಯನಗರದಲ್ಲಿರುವ ಸ್ವಂತ ಮನೆಯೂ ಅವರ ಲೆಕ್ಕದಲ್ಲಿ ಮೊದಲ ಮನೆಯೇ. ಥಾಯ್ಲೆಂಡ್‌ನಲ್ಲಿ ಕಾಂಡೋ ಕೊಳ್ಳಬಹುದು, ಆದರೆ ಒಂದು ಕಟ್ಟಡದ ಶೇ. 49ರಷ್ಟು ಜಾಗ ಮಾತ್ರ ವಿದೇಶಿಯರ ಹೆಸರಿಗೆ ಆಗುತ್ತದೆ, ಹಣ ಹೊರಗಿನಿಂದ ವಿದೇಶಿ ಕರೆನ್ಸಿಯಲ್ಲೇ ಬಂದಿದೆ ಎಂಬ ಬ್ಯಾಂಕಿನ ಕಾಗದವೂ ಬೇಕು. ವೀಸಾ ಆಸೆಗೆ ಮನೆ ಕೊಳ್ಳುವವರಿಗೆ ಪೋರ್ಚುಗಲ್ 2023ರಲ್ಲಿ, ಸ್ಪೇನ್ 2025ರ ಏಪ್ರಿಲ್‌ನಲ್ಲಿ ಆ ದಾರಿ ಮುಚ್ಚಿದವು.

ದುಬೈ 2006ರ 7ನೇ ಕಾನೂನಿನಿಂದ, ಗೊತ್ತುಪಡಿಸಿದ ಪ್ರದೇಶಗಳಲ್ಲಿ ವಿದೇಶಿಯರಿಗೂ ಪೂರ್ಣ ಒಡೆತನ ಕೊಟ್ಟಿದೆ. ದಿರ್ಹಮ್ 1997ರಿಂದ ಡಾಲರ್‌ಗೆ 3.6725ರಂತೆ ಕಟ್ಟಿಹಾಕಿಕೊಂಡಿದೆ. ನಮ್ಮ ಕರಾವಳಿಯ ಮನೆಮನೆಯಲ್ಲೂ ಅಲ್ಲಿ ದುಡಿಯುವ ಒಬ್ಬರಾದರೂ ಇರುತ್ತಾರೆ. ಹಾಗಾಗಿ ಅದನ್ನೇ ಬಿಡಿಸಿ ನೋಡೋಣ.

ಹಣ ಹೋಗುವ ದಾರಿ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್, ಅಂದರೆ ಭಾರತದ ನಿವಾಸಿಗಳು ಹೊರದೇಶಕ್ಕೆ ಹಣ ಕಳಿಸಲು ಇರುವ ಯೋಜನೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಒಬ್ಬರಿಗೆ 2,50,000 ಡಾಲರ್ ಮಿತಿ. ದಿರ್ಹಮ್ ಲೆಕ್ಕದಲ್ಲಿ ಅದು 9,18,125. ಪ್ಯಾನ್ ಕಡ್ಡಾಯ, ಬ್ಯಾಂಕಿನಲ್ಲಿ ಫಾರ್ಮ್ ಎ-2 ತುಂಬಿ ಉದ್ದೇಶ ಬರೆಯಬೇಕು. ಆಸ್ತಿ ಖರೀದಿಯಂಥ ಬಂಡವಾಳ ವ್ಯವಹಾರಕ್ಕೆ ಆ ಬ್ಯಾಂಕಿನಲ್ಲಿ ಕನಿಷ್ಠ ಒಂದು ವರ್ಷದ ಖಾತೆ ಇರಬೇಕು. ಹೊಸ ಖಾತೆಯಾದರೆ ಹಿಂದಿನ ವರ್ಷದ ಸ್ಟೇಟ್‌ಮೆಂಟ್ ಕೇಳುತ್ತಾರೆ. ಮಿತಿ ಸಾಲದಿದ್ದರೆ ಗಂಡ ಹೆಂಡತಿ ಇಬ್ಬರೂ ತಮ್ಮ ತಮ್ಮ ಮಿತಿಯಲ್ಲಿ ಕಳಿಸಿ ಜಂಟಿ ಹೆಸರಿಗೆ ನೋಂದಾಯಿಸಿಕೊಳ್ಳಬಹುದು. ಗಂಡನ ದುಡ್ಡನ್ನೇ ಹೆಂಡತಿಯ ಖಾತೆಗೆ ಹಾಕಿ ಕಳಿಸಿದರೆ ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆ, ಅಡ್ಡ ಬರುವುದಿಲ್ಲ, ಆದರೆ ಆ ಪಾಲಿನ ಬಾಡಿಗೆ ಗಂಡನ ಆದಾಯಕ್ಕೇ ಸೇರಿ ತೆರಿಗೆ ಬೀಳುತ್ತದೆ. ಕಳಿಸಿದ ಹಣ ಹೂಡಿಕೆಯಾಗದೆ ಸುಮ್ಮನೆ ಬಿದ್ದಿದ್ದರೆ 180 ದಿನದೊಳಗೆ ವಾಪಸ್ ತರಬೇಕು. ಮತ್ತೆ ಹೂಡದ ಬಾಡಿಗೆ ಹಣಕ್ಕೂ ಇದೇ ನಿಯಮ.

ಸಾಲದ ಮಾತು ಇಲ್ಲಿ ಬೇಡ. ಬಂಡವಾಳ ವ್ಯವಹಾರಕ್ಕೆ ಎಲ್‌ಆರ್‌ಎಸ್‌ನಲ್ಲಿ ಹಣ ಕಳಿಸಲು ಇಲ್ಲಿನ ಬ್ಯಾಂಕು ಸಾಲ ಕೊಡುವಂತಿಲ್ಲ. ಅಲ್ಲಿನ ಬ್ಯಾಂಕಿನಿಂದ ಗೃಹಸಾಲ ತೆಗೆದರೆ ಅದು ವಿದೇಶಿ ಸಾಲವಾಗಿ ಫೆಮಾ ತೊಡಕಿಗೆ ಸಿಕ್ಕಿಸುತ್ತದೆ. ಶೋಗಳಲ್ಲಿ ಅತಿ ಹೆಚ್ಚು ಆಗುವ ತಪ್ಪು ಇನ್ನೊಂದಿದೆ: ಬುಕಿಂಗ್ ಹಣಕ್ಕೆ ಅಲ್ಲೇ ಕ್ರೆಡಿಟ್ ಕಾರ್ಡ್ ಉಜ್ಜುವುದು. ಹೊರದೇಶದ ಆಸ್ತಿ ಖರೀದಿಗೆ ಕ್ರೆಡಿಟ್ ಕಾರ್ಡ್ ಬಳಸುವಂತಿಲ್ಲ. ಫೆಮಾ 13ನೇ ಸೆಕ್ಷನ್ ಪ್ರಕಾರ ದಂಡ, ಉಲ್ಲಂಘನೆಯ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ‘ಟೋಕನ್ ಅಷ್ಟೇ ಸಾರ್, ಆಮೇಲೆ ಬ್ಯಾಂಕಿನಿಂದ ಕಳಿಸಿ’ ಎಂದು ಎಷ್ಟೇ ಒತ್ತಾಯ ಮಾಡಿದರೂ ಕಾರ್ಡು ಜೇಬಿನಲ್ಲೇ ಇರಲಿ.

ಈಗ ಲೆಕ್ಕ. ಜುಮೇರಾ ವಿಲೇಜ್ ಸರ್ಕಲ್‌ನಂಥ ಏರಿಯಾದಲ್ಲಿ 700 ಚದರ ಅಡಿಯ, ಬಳಕೆಗೆ ಸಿದ್ಧವಿರುವ ಒಂದು ಬೆಡ್‌ರೂಮ್ ಫ್ಲ್ಯಾಟ್ 10 ಲಕ್ಷ ದಿರ್ಹಮ್‌ಗೆ ಸಿಕ್ಕಿತು, ವರ್ಷದ ಬಾಡಿಗೆ 70,000 ಎಂದು ಇಟ್ಟುಕೊಳ್ಳಿ. ಇದು ಉದಾಹರಣೆಗೆ ಹಿಡಿದ ಬೆಲೆ. ಸೂತ್ರ ಮಾತ್ರ ಎಲ್ಲ ಫ್ಲ್ಯಾಟ್‌ಗೂ ಅದೇ. ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟ್‌ಗೆ ಶೇ. 4, ಅಂದರೆ 40,000. ಟೈಟಲ್ ಡೀಡ್ ಕಾಗದಪತ್ರಕ್ಕೆ 580. ನೋಂದಣಿ ನಡೆಸುವ ಟ್ರಸ್ಟಿ ಆಫೀಸಿಗೆ ವ್ಯಾಟ್ ಸೇರಿ 4,200. ಬ್ರೋಕರ್‌ಗೆ ಶೇ. 2 ಮತ್ತು ಅದರ ಮೇಲೆ ಶೇ. 5 ವ್ಯಾಟ್, ಒಟ್ಟು 21,000. ಬಿಲ್ಡರ್ ಕೊಡುವ ಎನ್‌ಒಸಿ 500ರಿಂದ 5,000ದವರೆಗೂ ಇರುತ್ತದೆ, 1,000 ಹಿಡಿಯೋಣ. ಒಟ್ಟು ಕೈಯಿಂದ ಹೋದ ಹಣ 10,66,780 ದಿರ್ಹಮ್.

ಬಾಡಿಗೆಯಿಂದ ಕಳೆಯುತ್ತಾ ಹೋಗಿ. ಸರ್ವೀಸ್ ಚಾರ್ಜ್ ಚದರ ಅಡಿಗೆ 15ರಂತೆ 10,500. ನೀವು ಇಲ್ಲಿರುವಾಗ ಅಲ್ಲಿ ಬಾಡಿಗೆದಾರರನ್ನು ನೋಡಿಕೊಳ್ಳುವ ಕಂಪನಿಗೆ ಶೇ. 5, ವ್ಯಾಟ್ ಸೇರಿ 3,675. ವರ್ಷಕ್ಕೆ ಒಂದು ತಿಂಗಳು ಖಾಲಿ ಎಂದರೆ 5,833. ಎಸಿ, ಪ್ಲಂಬಿಂಗ್, ಬಣ್ಣಕ್ಕೆ 2,000. ಉಳಿಯುವುದು 47,992, ಅಂದರೆ ಹಾಕಿದ ಹಣಕ್ಕೆ ಶೇ. 4.5.

ಇಲ್ಲಿಂದ ಮುಂದೆ ನಮ್ಮ ಆದಾಯ ತೆರಿಗೆ. ಭಾರತದ ನಿವಾಸಿಗೆ ಜಗತ್ತಿನ ಎಲ್ಲ ಆದಾಯಕ್ಕೂ ಇಲ್ಲೇ ತೆರಿಗೆ. ಎರಡು ಕಡೆ ತೆರಿಗೆ ಬೀಳದಂತೆ ಯುಎಇ ಜತೆ ಒಪ್ಪಂದವೇನೋ ಇದೆ, ಆದರೆ ಅಲ್ಲಿ ಕಟ್ಟಿದ್ದನ್ನು ಇಲ್ಲಿ ಕಳೆಯಲು ಅಲ್ಲಿ ಕಟ್ಟಿರುವುದೇ ಸೊನ್ನೆ. ಖಾಲಿ ತಿಂಗಳು ಬಿಟ್ಟು ಬಂದ 64,167ರಲ್ಲಿ ಶೇ. 30 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 44,917. ಶೇ. 30ರ ಸ್ಲ್ಯಾಬ್‌ನವರಿಗೆ ಸೆಸ್ ಸೇರಿ ಶೇ. 31.2ರಂತೆ 14,014 ದಿರ್ಹಮ್ ತೆರಿಗೆ. ಕೈಯಲ್ಲಿ ಉಳಿಯುವುದು ಸುಮಾರು 33,978. ಬ್ರೋಷರ್‌ನ ಶೇ. 7 ಮನೆಗೆ ಬರುವಷ್ಟರಲ್ಲಿ ಶೇ. 3.2 ಆಗಿರುತ್ತದೆ.

ಇದೇ ಫ್ಲ್ಯಾಟನ್ನು ದುಬೈನಲ್ಲೇ ಕೆಲಸದಲ್ಲಿರುವ ಕುಂದಾಪುರದವರೊಬ್ಬರು ಎನ್‌ಆರ್‌ಐ ಆಗಿ ಕೊಂಡರೆ ಅವರಿಗೆ ಶೇ. 4.5 ಪೂರ್ತಿ ಉಳಿಯುತ್ತದೆ, ಅಲ್ಲಿನ ಬ್ಯಾಂಕ್ ಸಾಲವೂ ಸಿಗುತ್ತದೆ, ಎಲ್‌ಆರ್‌ಎಸ್ ಮಿತಿಯ ತಲೆಬಿಸಿಯೂ ಇಲ್ಲ. ಊರಿಗೆ ವಾಪಸ್ ಬಂದ ಮೇಲೂ ಆ ಆಸ್ತಿ ಇಟ್ಟುಕೊಳ್ಳಲು ಫೆಮಾ 6(4) ಅವಕಾಶ ಕೊಡುತ್ತದೆ. ಹೀಗಾಗಿ ‘ದುಬೈ ಒಳ್ಳೆಯದಾ?’ ಎಂದು ಯಾರಾದರೂ ಕೇಳಿದರೆ ‘ನೀವು ಎಲ್ಲಿಯ ನಿವಾಸಿ?’ ಎಂದೇ ಮೊದಲು ಕೇಳಬೇಕಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ, ಬಾಡಿಗೆಯೊಂದನ್ನೇ ನಂಬಿ ಶೇ. 30ರ ಸ್ಲ್ಯಾಬ್‌ನಲ್ಲಿರುವ ಭಾರತದ ನಿವಾಸಿ ಇದಕ್ಕೆ ಇಳಿಯಬಾರದು. ಡಾಲರ್ ಲೆಕ್ಕದ ಆಸ್ತಿ ಒಂದಿರಲಿ, ಹತ್ತು ವರ್ಷ ಮುಟ್ಟುವುದಿಲ್ಲ ಎನ್ನುವವರಿಗೆ ಅರ್ಥವಿದೆ.

ಹಣ ಕಳಿಸುವ ದಿನವೇ ಹೊಡೆತ ಕೊಡುವುದು ಟಿಸಿಎಸ್, ಅಂದರೆ ಬ್ಯಾಂಕು ಮುಂಗಡವಾಗಿ ವಸೂಲಿ ಮಾಡುವ ತೆರಿಗೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇ. 20 ಹಿಡಿಯುತ್ತದೆ. ಮೇಲಿನ ಫ್ಲ್ಯಾಟಿಗೆ ಬೇಕಾದ್ದು ಸುಮಾರು 2,90,478 ಡಾಲರ್. ಡಾಲರ್‌ಗೆ 90 ರೂಪಾಯಿ ಹಿಡಿದರೆ 2.61 ಕೋಟಿ. ಗಂಡ ಹೆಂಡತಿ ಅರ್ಧರ್ಧ ಕಳಿಸಿದರೂ ಇಬ್ಬರದೂ ಸೇರಿ ಸುಮಾರು 48.3 ಲಕ್ಷ ಟಿಸಿಎಸ್ ಬೇರೆಯಾಗಿ ತೆಗೆದಿಡಬೇಕು. ಅದು ನಷ್ಟವಲ್ಲ, ನಿಮ್ಮ ತೆರಿಗೆಗೆ ವಜಾ ಆಗುತ್ತದೆ, ಹೆಚ್ಚಿದ್ದರೆ ರೀಫಂಡ್ ಬರುತ್ತದೆ. ಆದರೆ ಏಪ್ರಿಲ್‌ನಲ್ಲಿ ಕಳಿಸಿದವರ ಹಣ ಮುಂದಿನ ವರ್ಷ ರಿಟರ್ನ್ ಸಲ್ಲಿಸಿ ರೀಫಂಡ್ ಬರುವವರೆಗೆ ಸಿಕ್ಕಿಬಿದ್ದಿರುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ ಕಳಿಸಿದರೆ ಕಾಯುವುದು ಕೆಲವೇ ತಿಂಗಳು. ಸಂಬಳದವರು ಕಂಪನಿಗೆ ಟಿಸಿಎಸ್ ವಿವರ ಕೊಟ್ಟು ಉಳಿದ ತಿಂಗಳುಗಳ ಟಿಡಿಎಸ್ ಕಡಿಮೆ ಮಾಡಿಸಿಕೊಳ್ಳಬಹುದು. ಮಾರ್ಚ್ ಕೊನೆಗೆ ಅರ್ಧ, ಏಪ್ರಿಲ್ ಮೊದಲ ವಾರ ಇನ್ನರ್ಧ ಕಳಿಸಿದರೆ ಎರಡು ವರ್ಷದ ಮಿತಿಯೂ ಸಿಗುತ್ತದೆ, 10 ಲಕ್ಷದ ವಿನಾಯಿತಿಯೂ ಎರಡು ಸಲ ಸಿಗುತ್ತದೆ.

ಆಫ್-ಪ್ಲಾನ್, ಅಂದರೆ ಇನ್ನೂ ಕಟ್ಟುತ್ತಿರುವ ಫ್ಲ್ಯಾಟ್‌ಗಳದ್ದೇ ಒಂದು ಪ್ರಪಂಚ. ತಿಂಗಳಿಗೆ ಶೇ. 1ರ ಕಂತು, ಕೀಲಿ ಕೊಟ್ಟ ಮೇಲೂ ಎರಡು ಮೂರು ವರ್ಷ ಕಂತು ಎಂಬ ಯೋಜನೆಗಳು ಕಣ್ಣಿಗೆ ಹಗುರವಾಗಿ ಕಾಣುತ್ತವೆ. ಕೀಲಿ ಪಡೆದ ನಂತರದ ಕಂತು ಬಿಲ್ಡರ್ ಕೊಟ್ಟ ಸಾಲದಂತೆಯೇ ಕಾಣುವುದರಿಂದ, ಸಹಿ ಹಾಕುವ ಮೊದಲೇ ಆ ಕರಾರನ್ನು ಫೆಮಾ ಗೊತ್ತಿರುವ ಸಿಎಗೂ ಬ್ಯಾಂಕಿನ ಫಾರೆಕ್ಸ್ ವಿಭಾಗಕ್ಕೂ ತೋರಿಸಿ. ಕಂತುಗಳು ಮೂರು ನಾಲ್ಕು ವರ್ಷ ಹರಡಿರುವುದರಿಂದ ಅಷ್ಟೂ ವರ್ಷ ರೂಪಾಯಿ ಬೆಲೆ, ಎಲ್‌ಆರ್‌ಎಸ್ ಮಿತಿ, ಟಿಸಿಎಸ್ ದರ ಎಲ್ಲವೂ ಇದ್ದಂತೆಯೇ ಇರಬೇಕು ಎಂದು ನೀವು ಪಣ ಕಟ್ಟಿದಂತಾಗುತ್ತದೆ.

ಕಂತು ತಪ್ಪಿದರೆ ಏನಾಗುತ್ತದೆ ಎನ್ನುವುದನ್ನು ಶೋನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 2008ರ 13ನೇ ಕಾನೂನು, 2020ರ ತಿದ್ದುಪಡಿಯೊಂದಿಗೆ, ಹೀಗೆ ಹೇಳುತ್ತದೆ: ಲ್ಯಾಂಡ್ ಡಿಪಾರ್ಟ್‌ಮೆಂಟ್ ಮೂಲಕ 30 ದಿನದ ನೋಟಿಸ್ ಹೋಗುತ್ತದೆ. ಕಟ್ಟಡ ಶೇ. 60ಕ್ಕಿಂತ ಹೆಚ್ಚು ಮುಗಿದಿದ್ದರೆ ಬಿಲ್ಡರ್ ಫ್ಲ್ಯಾಟಿನ ಬೆಲೆಯ ಶೇ. 40ರವರೆಗೆ, ಕೆಲಸ ಶುರುವಾಗಿ ಅದಕ್ಕಿಂತ ಕಡಿಮೆ ಮುಗಿದಿದ್ದರೆ ಶೇ. 25ರವರೆಗೆ ಇಟ್ಟುಕೊಂಡು ಒಪ್ಪಂದ ಮುರಿಯಬಹುದು. ಗಮನಿಸಿ, ಇದು ಬೆಲೆಯ ಭಾಗ, ನೀವು ಕಟ್ಟಿದ್ದರ ಭಾಗವಲ್ಲ. 10 ಲಕ್ಷದ ಫ್ಲ್ಯಾಟಿಗೆ 2.5 ಲಕ್ಷ ಕಟ್ಟಿ ನಿಲ್ಲಿಸಿದರೆ, ಕಟ್ಟಡ ಅರ್ಧವೂ ಏಳದಿದ್ದಾಗಲೇ ಅಷ್ಟೂ ಹೋಗಬಹುದು.

ಕಾಪಾಡುವ ವ್ಯವಸ್ಥೆಯೂ ಇದೆ. 2007ರ 8ನೇ ಕಾನೂನಿನಂತೆ ಖರೀದಿದಾರರ ಹಣ ಆಯಾ ಪ್ರಾಜೆಕ್ಟಿನ ಹೆಸರಿನ ಎಸ್ಕ್ರೋ ಖಾತೆಗೇ, ಅಂದರೆ ಆ ಕಟ್ಟಡಕ್ಕೆಂದೇ ಮೀಸಲಾದ ಖಾತೆಗೇ, ಹೋಗಬೇಕು. ಬ್ರೋಕರ್ ಖಾತೆ, ಬಿಲ್ಡರ್‌ನ ಬೇರೆ ಖಾತೆ, ಇಲ್ಲಿ ನಗದು ಕೊಡಿ ಅಲ್ಲಿ ಕಟ್ಟುತ್ತೇವೆ ಎನ್ನುವ ಮಾತು, ಯಾವುದಕ್ಕೂ ಒಪ್ಪಬೇಡಿ. ಇಲ್ಲಿ ಸೈಟ್ ಕೊಳ್ಳುವಾಗ ಖಾತಾ, ಇಸಿ ತೆಗೆಸುವಂತೆ ಅಲ್ಲಿ ಲ್ಯಾಂಡ್ ಡಿಪಾರ್ಟ್‌ಮೆಂಟಿನ ‘ದುಬೈ ರೆಸ್ಟ್’ ಆ್ಯಪ್ ತೆರೆದು ಪ್ರಾಜೆಕ್ಟ್ ನೋಂದಣಿ, ಕೆಲಸ ಎಷ್ಟು ಮುಗಿದಿದೆ, ಬ್ರೋಕರ್‌ಗೆ ಲೈಸೆನ್ಸ್ ಇದೆಯೇ ಎಂದು ನೋಡಿ. ಹಣ ಕಟ್ಟಿದ ಮೇಲೆ, ಕಟ್ಟುತ್ತಿರುವ ಫ್ಲ್ಯಾಟುಗಳಿಗೆ ಮಾಡುವ ‘ಊಕೂದ್’ ನೋಂದಣಿ ನಿಮ್ಮ ಹೆಸರಿಗೆ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಕೀಲಿ ಪಡೆಯುವ ಮೊದಲು ದೋಷ ಪತ್ತೆಗೆ ಒಬ್ಬ ಇನ್‌ಸ್ಪೆಕ್ಟರ್‌ನನ್ನು ಗೊತ್ತುಮಾಡಿ. ಎಸಿ, ವೈರಿಂಗ್, ಪೈಪ್ ದೋಷಕ್ಕೆ ಬಿಲ್ಡರ್ ಹೊಣೆ ಒಂದು ವರ್ಷ, ಕಟ್ಟಡದ ರಚನೆಗೆ ಹತ್ತು ವರ್ಷ.

ಸಿದ್ಧ ಫ್ಲ್ಯಾಟಿನಲ್ಲಿ ಬಾಡಿಗೆದಾರ ಇದ್ದರೆ ಅವನ ಕರಾರು ಓದದೆ ಬೆಲೆ ಮಾತಾಡಬೇಡಿ. ಮಾರುಕಟ್ಟೆ ಬಾಡಿಗೆ 80,000 ಇದ್ದು ಅವನು 60,000 ಕೊಡುತ್ತಿದ್ದರೆ ಅವನು ಶೇ. 25 ಕಡಿಮೆ ಕೊಡುತ್ತಿದ್ದಾನೆ. 2013ರ 43ನೇ ಆದೇಶದ ಪ್ರಕಾರ ಆಗ ಏರಿಸಬಹುದಾದ್ದು ಗರಿಷ್ಠ ಶೇ. 10, ಅಂದರೆ 66,000ಕ್ಕೆ ಮಾತ್ರ, ಅದೂ ಕರಾರು ಮುಗಿಯುವ 90 ದಿನ ಮುಂಚೆ ತಿಳಿಸಿದರೆ. ಮಾರಲು ಅಥವಾ ಸ್ವಂತಕ್ಕೆಂದು ಖಾಲಿ ಮಾಡಿಸಲು ನೋಟರಿ ಅಥವಾ ರಿಜಿಸ್ಟರ್ಡ್ ಅಂಚೆ ಮೂಲಕ 12 ತಿಂಗಳ ನೋಟಿಸ್ ಬೇಕು; ವಾಟ್ಸ್ಆ್ಯಪ್ ಸಂದೇಶ ನಡೆಯುವುದಿಲ್ಲ. ಚಿಲ್ಲರ್ ಬಿಲ್, ಅಂದರೆ ಎಸಿ ತಂಪಿನ ಬಿಲ್, ಯಾರದು ಎಂದೂ ಕೇಳಿ. ಇಡೀ ಬಡಾವಣೆಗೆ ಒಂದೇ ಕಡೆಯಿಂದ ತಂಪು ಹರಿಸುವ ಕಟ್ಟಡಗಳಲ್ಲಿ, ಫ್ಲ್ಯಾಟ್ ಖಾಲಿ ಇದ್ದ ತಿಂಗಳಲ್ಲೂ ನಿಗದಿತ ಶುಲ್ಕ ಮಾಲೀಕನ ತಲೆಗೇ ಬರುತ್ತದೆ.

ಬೆಲೆ ಏರಿಕೆಯ ಬಗ್ಗೆ: 2008ರ ಕುಸಿತದಲ್ಲಿ ದುಬೈ ಬೆಲೆಗಳು ಸುಮಾರು ಅರ್ಧಕ್ಕೆ ಬಿದ್ದವು, 2014ರಿಂದ 2020ರವರೆಗೆ ಮತ್ತೆ ಇಳಿಯುತ್ತಲೇ ಹೋದವು, ಅನಂತರ ಜೋರಾಗಿ ಏರಿದವು. ಮರಳುಗಾಡಿನಲ್ಲಿ ಜಾಗಕ್ಕೆ ಕೊರತೆ ಇಲ್ಲ, ಹೊಸ ಕಟ್ಟಡ ಬರುತ್ತಲೇ ಇರುತ್ತದೆ. ಎರಡು ವರ್ಷ ದಾಟಿ ಮಾರಿದರೆ ಭಾರತದಲ್ಲಿ ಶೇ. 12.5 ಬಂಡವಾಳ ಲಾಭ ತೆರಿಗೆ. ಲೆಕ್ಕ ರೂಪಾಯಿಯಲ್ಲಿ ನಡೆಯುವುದರಿಂದ, ದಿರ್ಹಮ್‌ನಲ್ಲಿ ಕೊಂಡ ಬೆಲೆಗೇ ಮಾರಿದರೂ ರೂಪಾಯಿ ಇಳಿದಿದ್ದರೆ ಲಾಭ ಕಾಣಿಸುತ್ತದೆ, ತೆರಿಗೆಯೂ ಬೀಳುತ್ತದೆ.

ಆಸ್ತಿ ಇರುವಷ್ಟು ಕಾಲ ಐಟಿಆರ್-1 ಮರೆತುಬಿಡಿ. ಐಟಿಆರ್-2 ಅಥವಾ 3ರಲ್ಲಿ ವಿದೇಶಿ ಆಸ್ತಿಗೆಂದಿರುವ ಶೆಡ್ಯೂಲ್ ಎಫ್‌ಎನಲ್ಲಿ ಪ್ರತಿ ವರ್ಷ ತೋರಿಸಬೇಕು, ಬಾಡಿಗೆ ಬಂದಿರಲಿ ಬಿಡಲಿ. ಅಲ್ಲಿ ಕೇಳುವುದು ಡಿಸೆಂಬರ್ 31ಕ್ಕೆ ಮುಗಿಯುವ ವರ್ಷದ ವಿವರ. ಮಾರ್ಚ್ ಲೆಕ್ಕ ತುಂಬಿ ತಪ್ಪು ಮಾಡುವವರು ಬಹಳ. ಬಿಟ್ಟರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ. 20 ಲಕ್ಷದೊಳಗಿನ ವಿದೇಶಿ ಆಸ್ತಿಗೆ 2024ರ ಅಕ್ಟೋಬರ್‌ನಿಂದ ಕೊಟ್ಟ ರಿಯಾಯಿತಿ ಸ್ಥಿರಾಸ್ತಿಗೆ ಅನ್ವಯಿಸುವುದಿಲ್ಲ.

ಕೊನೆಯದಾಗಿ ಉಯಿಲು. ಬೆಂಗಳೂರಿನಲ್ಲಿ ಬರೆದಿಟ್ಟ ಉಯಿಲು ಹಿಡಿದು ದುಬೈಗೆ ಹೋದರೆ ಭಾಷಾಂತರ, ದೃಢೀಕರಣ, ಕೋರ್ಟು ಎಂದು ಮನೆಯವರು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಮುಸ್ಲಿಮೇತರರಿಗೆಂದು ದುಬೈನ ಹಣಕಾಸು ಕೇಂದ್ರವಾದ ಡಿಐಎಫ್‌ಸಿಯಲ್ಲಿ 2015ರಿಂದ ಇಂಗ್ಲಿಷ್‌ನಲ್ಲೇ ಉಯಿಲು ನೋಂದಾಯಿಸುವ ಕೇಂದ್ರವಿದೆ. ಟೈಟಲ್ ಡೀಡ್ ಕೈಗೆ ಬಂದ ಕೂಡಲೇ ಆ ಒಂದು ಆಸ್ತಿಗೆ ಸೀಮಿತವಾದ ಉಯಿಲನ್ನು ಅಲ್ಲಿ ಮಾಡಿಸಿ, ಅದರ ಪ್ರತಿಯನ್ನು ಬೀರುವಿನಲ್ಲಿ ಟೈಟಲ್ ಡೀಡ್, ಫಾರ್ಮ್ ಎ-2 ಮತ್ತು ಬ್ಯಾಂಕಿನ ಸ್ವಿಫ್ಟ್ ರಸೀದಿಗಳ ಜತೆಗೇ ಇಡಿ. ಮುಂದೆ ಮಾರಿದಾಗ ಹಣ ಕಾನೂನುಬದ್ಧವಾಗಿ ಹೋಗಿತ್ತು ಎಂದು ತೋರಿಸಲು ಬೇಕಾಗುವುದೂ ಅದೇ ಕಟ್ಟು.