ಅತ್ತಿಯ ಹೂವು

ಬೆಳಿಗ್ಗೆ ನಾಮದ ಚಿಲುಮೆ ಹತ್ರ ಗಿಡಮರ ಪರಿಚಯದ ನಡಿಗೆ. ಬಂದವರೆಲ್ಲ 40 ದಾಟಿದವರೇ.

ಕರ್ಕೊಂಡು ಹೋದ ಹುಡುಗ ಅತ್ತಿಕಾಯಿ ಒಂದನ್ನ ಉಗುರಲ್ಲೇ ಸೀಳಿ ನನ್ನ ಅಂಗೈ ಮೇಲಿಟ್ಟ. "ನೋಡಿ ಅಮ್ಮಾ, ಇದೇ ಹೂವು."

ಒಳಗೆಲ್ಲ ಸಾಸಿವೆಗಿಂತ ಸಣ್ಣ ಹೂಗಳು, ಒತ್ತೊತ್ತಾಗಿ. ಮಧ್ಯೆ ಒಂದು ಪುಟಾಣಿ ಕಣಜ, ಇನ್ನೂ ರೆಕ್ಕೆ ಮುದುರಿಕೊಂಡಿತ್ತು. ತುದಿಯ ಸಣ್ಣ ತೂತಲ್ಲಿ ನುಗ್ಗಿ ಪರಾಗ ತರೋದು ಇಂಥ ಕಣಜವೇ. ಅದು ಬರದಿದ್ರೆ ಅತ್ತಿಗೆ ಬೀಜವೇ ಇಲ್ಲ.

ಚಿಕ್ಕವಳಿದ್ದಾಗ ಹುಳ ಇದೆ ಅಂತ ಎಷ್ಟು ಹಣ್ಣು ಎಸೆದಿದ್ದೀನೋ!

ಮನೆಗೆ ಬಂದು ಕೈ ತೊಳೆಯೋಕೆ ಮನಸ್ಸಾಗಲಿಲ್ಲ. ಬೆರಳಲ್ಲಿ ಇನ್ನೂ ಹಾಲಿನ ಅಂಟು. 54 ವರ್ಷ ಈ ಮರದ ನೆರಳಲ್ಲೇ ಓಡಾಡಿದೀನಿ, ಅದರ ಹೂವನ್ನ ಇವತ್ತು ನೋಡಿದೆ.

ಮುಂದಿನ ಭಾನುವಾರ ಹುಲ್ಲುಗಳ ಪಾಠವಂತೆ. ಅಕ್ಕನ್ನೂ ಹೊರಡಿಸ್ತೀನಿ.