ಸಾಹುಕಾರರ ಐದು ನಿಮಿಷ

ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಮೊನ್ನೆ ಒಬ್ಬ ಅಜ್ಜಿ ಆಡಿದ ಮಾತು ಇನ್ನೂ ತಲೆಯಲ್ಲೇ ಕೂತಿದೆ.

ನಾನು ಸಾಹುಕಾರರ ಲೆಕ್ಕ ಬರೆಯುವವನು. ಜಿಎಸ್‌ಟಿ ತ್ರೀಬಿ, ಅಂದರೆ ತಿಂಗಳ ತೆರಿಗೆ ರಿಟರ್ನ್, ತುಂಬಲು 20ನೇ ತಾರೀಕು ಕಡೇ ದಿನ. ದಾಟಿದರೆ ದಿನಕ್ಕೆ 50 ರೂಪಾಯಿ ದಂಡ, ಮೇಲೆ ಬಡ್ಡಿ ಬೇರೆ. ನನ್ನ ಕಡೆಯಿಂದ ಎಲ್ಲ ರೆಡಿ ಇತ್ತು. ಸಾಹುಕಾರರ ಮೊಬೈಲಿಗೆ ಬರುವ ಓಟಿಪಿ ಒಂದೇ ಬಾಕಿ. ಆ ಆರು ಅಂಕಿಗಾಗಿ ಅವರ ಅಡತಿ ಅಂಗಡಿಯ (ರೈತರ ಮಾಲನ್ನು ಕಮಿಷನ್ನಿಗೆ ಮಾರಿಕೊಡುವ ಅಂಗಡಿ) ಬೆಂಚಿನ ಮೇಲೆ ಕೂತಿದ್ದೆ. ತೊಗರಿ ಸೀಸನ್ನು. ಎಲ್ಲಿ ನೋಡಿದರೂ ಚೀಲ, ಹಮಾಲರ ಕೂಗಾಟ. ಪಕ್ಕದಲ್ಲಿ ಆಳಂದ ಕಡೆಯ ಅಜ್ಜಿ. ತೊಗರಿ ಮಾರಿದ ಪಟ್ಟಿಯನ್ನು, ಅಂದರೆ ಬರಬೇಕಾದ ದುಡ್ಡಿನ ಲೆಕ್ಕದ ಚೀಟಿಯನ್ನು, ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಆಗಾಗ ಗಂಟು ಬಿಚ್ಚೋದು, ನೋಡೋದು, ಮತ್ತೆ ಕಟ್ಟೋದು. ಓದುತ್ತಿರಲಿಲ್ಲ. ಇದೆಯೋ ಇಲ್ಲವೋ ನೋಡುತ್ತಿದ್ದಳು, ಅಷ್ಟೇ.

ಸಾಹುಕಾರರು ಗಾಜಿನ ಬಾಗಿಲಿನಿಂದ ತಲೆ ಹೊರಗೆ ಹಾಕಿ "ಐದು ನಿಮಿಷ ಆಯಿ" ಅಂದರು. ಎಷ್ಟನೇ ಸಲವೋ.

"ಸಾವ್ಕಾರ್ರ, ನಿಮ್ಮ ಐದು ನಿಮಿಷ ಅಂದ್ರ ಇಲ್ಲೇ ಕುಂದ್ರಲೋ, ಊರಿಗಿ ಹೋಗಿ ಬರಲೋ?"

ಎಲ್ಲರೂ ನಕ್ಕರು. ಸಾಹುಕಾರರೂ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಅವಳು ಚುಚ್ಚಿ ಮಾತಾಡಿರಲಿಲ್ಲ, ನಿಜವಾಗಿಯೇ ಕೇಳಿದ್ದಳು. ಬಸ್ಸು ಹಿಡಿಯಬೇಕಲ್ವಾ?

ಸಾಹುಕಾರರು ಕೆಟ್ಟವರಲ್ಲ. ರೈತರ ದುಡ್ಡು ಮುಳುಗಿಸುವ ಪೈಕಿಯಂತೂ ಅಲ್ಲವೇ ಅಲ್ಲ. ಈಚೆಗೆ ಬೆಂಗಳೂರಿಗೆ ಹೋಗಿ, ಉದ್ಯಮಿಗಳಿಗೆ ಟೈಮ್ ಮ್ಯಾನೇಜ್‌ಮೆಂಟ್ ಹೇಳಿಕೊಡುವ ಕ್ಲಾಸಿನಲ್ಲಿ ಕೂತು ಬಂದಿದ್ದಾರೆ. ಕುರ್ಚಿಯ ಹಿಂದೆ, ಕೆಲಸಗಳನ್ನು ತುರ್ತು, ಮುಖ್ಯ ಅಂತ ವಿಂಗಡಿಸುವ ನಾಲ್ಕು ಚೌಕದ ಚಿತ್ರ ಅಂಟಿಸಿದ್ದಾರೆ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರ ಒಂದು ಭಾಷಣದಲ್ಲಿ ತುರ್ತು ಬೇರೆ, ಮುಖ್ಯ ಬೇರೆ ಅಂದಿದ್ದರು. ಅದೂ ಒಬ್ಬ ಕಾಲೇಜು ಮುಖ್ಯಸ್ಥರ ಮಾತು ಅಂತ ಹೇಳಿಯೇ ಅಂದಿದ್ದು. ಆಮೇಲೆ ಅದೇ ಚೌಕಗಳಾಗಿ ಲೋಕದ ಗೋಡೆಗಳಿಗೆಲ್ಲ ಅಂಟಿತು. ಸಾಹುಕಾರರ ಮೊಬೈಲ್ ಕ್ಯಾಲೆಂಡರ್ ಕೂಡ ಈಗ ಬಣ್ಣಬಣ್ಣ. 11ರಿಂದ 1ರವರೆಗೆ ಕೆಂಪು. ಆ ಹೊತ್ತಿನಲ್ಲಿ ಯಾರೂ ತೊಂದರೆ ಕೊಡಬಾರದು.

ಆದರೆ ಆ ಕೆಂಪು ಹೊತ್ತಿನಲ್ಲೇ ಬ್ಯಾಂಕಿನವರ ಫೋನ್ ಬಂತು, ಎತ್ತಿದರು. ಹೊರ ರಾಜ್ಯದ ಖರೀದಿದಾರರ ಫೋನ್, ಅದನ್ನೂ ಎತ್ತಿದರು. ಕಪನೂರಿನ ಮಿಲ್ಲಿಂದ ಫೋನ್ ಬಂತು, ಹದಿನೈದು ನಿಮಿಷ ಮಾತಾಡಿದರು. 'ಇಲ್ಲ' ಅನ್ನೋದನ್ನ ಕಲಿಯಿರಿ ಅಂತ ಕ್ಲಾಸಿನಲ್ಲಿ ಹೇಳಿದ್ದರಂತೆ. ಕಲಿತಿದ್ದಾರೆ. ಆದರೆ ಯಾರಿಗೆ? ಅಜ್ಜಿಗೆ, ಹಮಾಲರಿಗೆ, ನನಗೆ.

ಹಾರ್ವರ್ಡ್‌ನ ಇಬ್ಬರು ಪ್ರಾಧ್ಯಾಪಕರು 27 ಸಿಇಒಗಳ ಮೂರು ತಿಂಗಳ ದಿನಚರಿಯನ್ನು ಗಂಟೆಗಂಟೆಗೂ ಬರೆಸಿ 2018ರಲ್ಲಿ ಲೆಕ್ಕ ಕೊಟ್ಟರು. ಕೆಲಸದ ದಿನಕ್ಕೆ ಸರಾಸರಿ 9.7 ಗಂಟೆ ದುಡಿತ, ಅದರಲ್ಲಿ ಶೇ. 72ರಷ್ಟು ಮೀಟಿಂಗಿಗೇ. ಸಾಹುಕಾರರು ಇದನ್ನ ಬಾಯಿಪಾಠ ಒಪ್ಪಿಸುತ್ತಾರೆ. ಸರಿ, ದೊಡ್ಡವರ ಗಂಟೆ ಎಣಿಸಿದ್ದಾಯಿತು. ಅವರ ಬಾಗಿಲ ಹೊರಗೆ ಕೂತವರ ಗಂಟೆ ಯಾವ ಖಾತೆಗೆ ಬರೆಯೋಣ? ನಾನು ಲೆಕ್ಕದವನು. ಒಬ್ಬರ ಜಮೆ ಇನ್ನೊಬ್ಬರ ಖರ್ಚು. ಸಾಹುಕಾರರು ಉಳಿಸಿದ ಎರಡು ಗಂಟೆ ಗಾಳಿಯಿಂದ ಬರಲಿಲ್ಲ, ಈ ಬೆಂಚಿನಿಂದ ಹೋಯಿತು.

ಅಜ್ಜಿಗೆ ಬೇಕಿದ್ದದ್ದು ಚೆಕ್ಕಿನ ಮೇಲೆ ಒಂದು ಸಹಿ. ಆಮೇಲೆ ಅದನ್ನ ಬ್ಯಾಂಕಿಗೆ ಹಾಕಬೇಕು, ಆಮೇಲೆ ಬಸ್‌ಸ್ಟ್ಯಾಂಡು. ಅಂಗಡಿಯ ಗುಮಾಸ್ತ ಮುನೀಮರ ಹತ್ತಿರ ಎಲ್ಲ ಬರೆದು ಸಿದ್ಧ ಇತ್ತು. ಇಷ್ಟು ಮೊತ್ತದೊಳಗಿನ ಪಟ್ಟಿಯ ಚೆಕ್ಕಿಗೆ ಮುನೀಮರೇ ಸಹಿ ಹಾಕಬಹುದು ಅಂತ ಬ್ಯಾಂಕಿಗೆ ಒಂದು ಕಾಗದ ಕೊಟ್ಟಿದ್ದರೆ ಕೋಣೆಯ ಬಾಗಿಲು ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆ ನಾಲ್ಕು ಚೌಕದಲ್ಲಿ 'ಬೇರೆಯವರಿಗೆ ಒಪ್ಪಿಸಿ' ಅಂತ ಒಂದಿದೆ. ಸಾಹುಕಾರರು ಕಾಯೋದನ್ನ ಒಪ್ಪಿಸಿದ್ದಾರೆ, ಸಹಿಯನ್ನಲ್ಲ.

ಅವರ ತಂದೆಯ ಕಾಲದಲ್ಲೂ ನಾನು ಇಲ್ಲಿ ಲೆಕ್ಕ ಬರೆದವನೇ. ಹಿರಿಯರು ದೇವರಂಥವರು ಅಂತೇನಲ್ಲ. ತೂಕದಲ್ಲಿ ಸೂಟ್ ಹಿಡಿಯೋದರಲ್ಲಿ, ಅಂದರೆ ಒಂದಿಷ್ಟು ಕಳೆದು ಲೆಕ್ಕ ಹಿಡಿಯೋದರಲ್ಲಿ, ಎತ್ತಿದ ಕೈ. ಆದರೆ ಬೆಳಿಗ್ಗೆ ಗಾದಿ ಮೇಲೆ ಕೂತರೆ ಮೊದಲು ದೂರದ ಊರಿನವರ ಪಟ್ಟಿ, ಆಮೇಲೆ ಹತ್ತಿರದವರದು. ಅದು ಮುಗಿಯುವ ತನಕ ಚಹಾ ಸಹ ಇಲ್ಲ. ಕರುಣೆಗಲ್ಲ. ತಡವಾದರೆ ಮುಂದಿನ ವರ್ಷ ರೈತ ಪಕ್ಕದ ಅಂಗಡಿಗೆ ಚೀಲ ಇಳಿಸುತ್ತಾನೆ ಅನ್ನೋದು ಗೊತ್ತಿತ್ತು.

ನನಗೆ ಓಟಿಪಿ ಸಿಕ್ಕಿದ್ದು ಮಧ್ಯಾಹ್ನ. ಅಜ್ಜಿಗೆ ಚೆಕ್ಕೂ ಆಗಲೇ. ಬ್ಯಾಂಕಿಗೆ ದಾರಿ ತೋರಿಸಲು ಮುನೀಮರು ಒಬ್ಬ ಹುಡುಗನನ್ನು ಜೊತೆಗೆ ಕಳಿಸಿದರು. ಅದು ಮುನೀಮರ ಒಳ್ಳೆಯತನ.

ಮರುದಿನ ಫೋನ್ ಮಾಡಿ, ಬೆಳಿಗ್ಗೆ ಒಂದು ಗಂಟೆ ಪಟ್ಟಿಗೇ ಅಂತ ಇಡಿ, ಮುನೀಮರಿಗೂ ಸಹಿ ಅಧಿಕಾರ ಕೊಡಿ ಅಂದೆ. ಸಾಹುಕಾರರಿಗೆ ಐಡಿಯಾ ಹಿಡಿಸಿತು. "ಛಲೋ ಹೇಳಿದ್ರಿ. ಯಾವ ಕಲರ್ ಹಾಕಲಿ?" ಅಂತ ಕೇಳಿದರು. ಸಹಿ ವಿಷಯ ಮಾತ್ರ ಮುಂದಿನ ಕ್ಲಾಸಿನಲ್ಲಿ ಕೇಳಿ ಹೇಳುತ್ತಾರಂತೆ.